ಹೊಗೆ ಎಂದರೆ ಉರಿಯದೆ ಹೋದ ಕಟ್ಟಿಗೆ

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖ ಕಡೆಯ ಅನೇಕ ಕನ್ನಡ ಮನೆಗಳಲ್ಲಿ ಗ್ಯಾಸ್ ಬಂದ ಮೇಲೂ ಒಲಿ ಆರಿಲ್ಲ. ಚಹಾ, ಪಲ್ಯ ಗ್ಯಾಸಿನ ಮೇಲೆ. ಜೋಳದ ರೊಟ್ಟಿ, ಸ್ನಾನದ ನೀರು ಒಲಿಯ ಮೇಲೆ. ಜಾಲಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು ಹೊಲ, ಹಿತ್ತಲಿನಿಂದಲೇ ಸಿಗುತ್ತವೆ. ಅದಕ್ಕೇ ಒಲಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಇಂದಿಗೂ ಮುಖ್ಯ.

ಕಟ್ಟಿಗೆಗೆ ಬೆಂಕಿ ತಾಗಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಕಾವು ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕಟ್ಟಿಗೆ ಒಡೆದು ಅನಿಲಗಳು ಹೊರಡುತ್ತವೆ. ಒಣಕಟ್ಟಿಗೆಯ ತೂಕದ ಸುಮಾರು ಮುಕ್ಕಾಲು ಪಾಲು ಹೀಗೆ ಅನಿಲವಾಗುತ್ತದೆ, ಉಳಿದದ್ದು ಕೆಂಡ. ಆ ಅನಿಲ ಗಾಳಿಯೊಡನೆ ಬೆರೆತು ಉರಿದರೆ ಅದೇ ಜ್ವಾಲೆ. ಗಾಳಿ ಸಾಲದಿದ್ದರೆ, ಇಲ್ಲವೇ ಉರಿಯುವ ಮೊದಲೇ ತಣಿದರೆ, ಅದೇ ಹೊಗೆ. ಅಡುಗೆಮನೆಯಲ್ಲಿ ಕಣ್ಣುರಿಸುವುದು ನಾವೇ ಹೊತ್ತು ತಂದ ಕಟ್ಟಿಗೆಯ ಉರಿಯದ ಪಾಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡ ಹೀಗೆ ಪೋಲಾಗುವ ಶಾಖದ ಬೆನ್ನು ಹತ್ತಿತು. ಸಾಂಪ್ರದಾಯಿಕ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತಿತ್ತು. ಅವರ 'ಅಸ್ತ್ರ ಒಲೆ'ಗೆ ಮುಚ್ಚಿದ ಗೂಡು, ಕೆಳಗೆ ಜಾಲರಿ, ಮೂರು ಪಾತ್ರೆಗಳ ಸಾಲು, ಕೊನೆಗೆ ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಈ ಪಾಲು ಶೇ 40ರಷ್ಟಾಯಿತು.

ಆದರೆ ಒಳ್ಳೆಯ ವಿನ್ಯಾಸವೊಂದೇ ಸಾಲದು. 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಟ್ಟಿದ ಎಷ್ಟೋ ಒಲೆಗಳು ಬಿರುಕು ಬಿಟ್ಟು, ಕೊಳವೆ ಕಟ್ಟಿಕೊಂಡು ಮೂಲೆ ಸೇರಿದವು. ಒಲೆ ಕಟ್ಟಿದವರು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಇರಲಿಲ್ಲ.

ಜಾಲರಿ, ಕೊಳವೆ ಇರುವ ಒಲಿಯನ್ನು ನೋಡಿಕೊಳ್ಳುವುದು ಕಷ್ಟವಲ್ಲ. ಊದುಗೊಳವಿ ಗಳಿಗೆ ಹೊತ್ತು ಮಾಡುವ ಕೆಲಸವನ್ನು ಜಾಲರಿ ಸದಾ ಮಾಡುತ್ತದೆ: ಕಟ್ಟಿಗೆಯನ್ನು ಎತ್ತಿ ಹಿಡಿದು ಅಡಿಯಿಂದ ಗಾಳಿ ಬಿಡುತ್ತದೆ. ಬೂದಿ ತುಂಬಿದರೆ ಆ ದಾರಿ ಮುಚ್ಚುತ್ತದೆ, ದಿನವೂ ತೆಗೆಯಬೇಕು. ಗೋಡೆಯ ಬಿರುಕನ್ನು ಮಣ್ಣು ಮೆತ್ತಿ ಮುಚ್ಚಬೇಕು. ಕೊಳವೆಯೊಳಗಿನ ಬಿಸಿಗಾಳಿ ಹಗುರಾಗಿ ಮೇಲೇರುತ್ತ, ಒಲಿಯ ಬಾಯಿಂದ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಮಸಿ ಕಟ್ಟಿದರೆ ಆ ಸೆಳೆತ ಸೋತು ಹೊಗೆ ಮನೆಗೇ ತಿರುಗುತ್ತದೆ. ಒಲಿ ಆರಿದಾಗ ಕೊಳವೆ ಕೊಡವಿ, ಮಳೆಗಾಲಕ್ಕೆ ಮುಂಚೆ ಮೇಲಿನ ಟೋಪಿ ಸರಿಪಡಿಸಬೇಕು. ಹಸಿ ಕಟ್ಟಿಗೆ ಬೇಡ. ಅದರೊಳಗಿನ ಒಂದು ಕಿಲೋ ನೀರು ಹಾರಿಸಲು ಎರಡು ಮೆಗಾಜೂಲಿಗೂ ಹೆಚ್ಚು ಶಾಖ ಬೇಕು.

ಕೊಳವೆ ಇದ್ದರೂ ಹೊಗೆಯ ಸೂಕ್ಷ್ಮ ಕಣಗಳು ಮನೆಯೊಳಗೆ ಉಳಿಯುತ್ತವೆ. ಸಾಧ್ಯವಾದಷ್ಟು ಅಡುಗೆ ಗ್ಯಾಸಿನಲ್ಲಿ ಆಗಲಿ. ಒಲಿ ಹಚ್ಚಿದಾಗ ಬೆಳಕಿಂಡಿ ತೆರೆದಿರಲಿ, ಕೂಸು ದೂರವಿರಲಿ. ಚಳಿಗೆಂದು ಕೆಂಡ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಬೇಡಿ: ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಮುಂದಿನ ಸಲ ಒಲಿ ಸಾರಿಸುವಾಗ ಹಿಂದಿನ ಗೋಡೆಗೂ ಸುಣ್ಣ ಬಳಿಯಿರಿ. ಎಂಟು ದಿನದಲ್ಲಿ ಅದು ಮತ್ತೆ ಕಪ್ಪಾದರೆ, ಗಾಳಿಯ ದಾರಿ ಎಲ್ಲೋ ಕಟ್ಟಿರಬಹುದು.