ಮನೆಯ ಅಲಂಕಾರ: ಅಟ್ಟದಲ್ಲಿರುವುದು, ತೋಟದಲ್ಲಿರುವುದು

ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿತದ ಗದ್ದಲ ಅಡಗಿ, ಕೈಯಲ್ಲಿ ಒಂದಿಷ್ಟು ಹಣ ಓಡಾಡುವ ಈ ದಿನಗಳಲ್ಲಿ ಮಲೆನಾಡಿನ ಬೆಳೆಗಾರನ ದೃಷ್ಟಿ ಸಹಜವಾಗಿ ತನ್ನ ಮನೆಯ ಕಡೆಗೆ ಹೊರಳುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕು, ಗೋಡೆಗೆ ಸುಣ್ಣ ಹೊಡೆಸಬೇಕು, ಬೆಂಗಳೂರಿನಲ್ಲಿರುವ ಮಕ್ಕಳು ಮೊಮ್ಮಕ್ಕಳು ರಜಕ್ಕೆ ಬರುವ ಹೊತ್ತಿಗೆ ಮನೆ ನೋಡುವಂತಿರಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಅದು ನ್ಯಾಯವಾದ ಆಸೆಯೇ.

ಸರಿಯಾಗಿ ಇದೇ ಹೊತ್ತಿಗೆ ಹಳೆಯ ಸಾಮಾನು ಕೊಳ್ಳುವವರ ವಾಹನವೂ ಊರೂರು ಸುತ್ತತೊಡಗುತ್ತದೆ. ಅಟ್ಟದ ಮೇಲೆ ಮಸಿ ಹಿಡಿದು ಕುಳಿತಿದ್ದ ತಾಮ್ರದ ಹಂಡೆ, ಹಿತ್ತಾಳೆಯ ಕೊಳದಪ್ಪಲೆ, ಹಲಸಿನ ಮರದ ಪೆಟ್ಟಿಗೆ, ಕೆತ್ತನೆಯ ಬಾಗಿಲುವಾಡ, ಚನ್ನೆಮಣೆ ಎಲ್ಲವೂ ತೂಕದ ಲೆಕ್ಕದಲ್ಲೋ ಒಟ್ಟು ಲೆಕ್ಕದಲ್ಲೋ ಹೊರಟುಹೋಗುತ್ತವೆ. ಅದೇ ವಾರ ಪೇಟೆಯಿಂದ ಪ್ಲಾಸ್ಟಿಕ್ ಹೂವಿನ ಗೊಂಚಲೂ, ಜಲಪಾತದ ದೊಡ್ಡ ಚಿತ್ರಪಟವೂ ಮನೆಗೆ ಬರುತ್ತವೆ. ಮಳೆಗಾಲದಲ್ಲಿ ಹಿತ್ತಲ ಗುಡ್ಡದಿಂದಲೇ ಅಬ್ಬಿ ಧುಮುಕುವ ಮನೆಗಳಲ್ಲಿ ಈ ಚಿತ್ರಪಟವನ್ನು ಕಂಡು ನಾವು ಬೆರಗಾಗಿದ್ದುಂಟು.

ಸಂಘದ ಕೆಲಸದ ನಿಮಿತ್ತ ಸದಸ್ಯರ ಮನೆಗಳಿಗೆ ಹೋಗಿಬರುವ ನಮಗೆ, ನಮ್ಮ ಮನೆಗಳಿಗೆ ಬೇಕಾದ ಅಲಂಕಾರದ ಬಹುಪಾಲು ನಮ್ಮ ಅಟ್ಟದಲ್ಲಿಯೂ ಅಂಗಳದಲ್ಲಿಯೂ ತೋಟದಲ್ಲಿಯೂ ಈಗಾಗಲೇ ಇದೆ ಎಂಬ ಮಾತು ವರ್ಷದಿಂದ ವರ್ಷಕ್ಕೆ ಹೆಚ್ಚು ಮನದಟ್ಟಾಗುತ್ತಿದೆ. ಅದನ್ನು ಗುರುತಿಸಿ, ಉಳಿಸಿ, ಅದರ ಹಿಂದಿನ ಕಥೆಯನ್ನು ಬರೆದಿಡುವ ಕೆಲಸ ಮಾತ್ರ ಬಾಕಿಯಿದೆ. ಕಥೆ ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಇದು ಆಗಬೇಕು.

ಮಾರುವ ಮುನ್ನ

ಹಳೆಯದನ್ನೆಲ್ಲ ಕಟ್ಟಿಕೊಂಡು ಕೂರಬೇಕೆಂದು ನಾವು ಹೇಳುತ್ತಿಲ್ಲ. ಗೆದ್ದಲು ತಿಂದ ಪೆಟ್ಟಿಗೆಯನ್ನು ಒಲೆಗೆ ಹಾಕುವುದೇ ಸರಿ. ಕಷ್ಟಕಾಲದಲ್ಲಿ ಹಿತ್ತಾಳೆ ಮಾರಿ ಮಕ್ಕಳ ಫೀಸು ಕಟ್ಟಿದವರನ್ನು ಆಕ್ಷೇಪಿಸುವ ಅಧಿಕಾರವೂ ಯಾರಿಗೂ ಇಲ್ಲ. ಆದರೆ ಕಷ್ಟವೂ ಇಲ್ಲದೆ, ಅಟ್ಟದಲ್ಲಿ ಜಾಗ ಆಗಲಿ ಎಂಬ ಒಂದೇ ಕಾರಣಕ್ಕೆ ಮಾರುವವರು ಒಂದು ನಿಮಿಷ ನಿಂತು ಮನೆಯ ಹಿರಿಯರನ್ನು ಕೇಳಬೇಕು. ಒಂದು ಮನೆಯಲ್ಲಿ ನಾವು ಕಾಫಿ ಕುಡಿಯುತ್ತ ಕುಳಿತಿದ್ದಾಗ ಒಳಗಿನಿಂದ ಬಂದ ಅಜ್ಜಿ, "ಬಚ್ಚಲಿನ ಹಂಡೆ ಎಲ್ಲಿ ಹೋತು ಮಗಾ, ಅದು ನನ್ನ ತೌರಿನವರು ಕೊಟ್ಟಿದ್ದು" ಎಂದು ಕೇಳಿದರು. ಹಂಡೆ ಹಿಂದಿನ ವಾರವೇ ತೂಕವಾಗಿ ಹೋಗಿತ್ತು. ಮಗ ಉತ್ತರ ಕೊಡಲಿಲ್ಲ. ಅಜ್ಜಿಯೂ ಎರಡನೆಯ ಸಲ ಕೇಳಲಿಲ್ಲ.

ಕಾನೂನಿನ ಮಾತೂ ಒಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಲೆ, ಕುಶಲಕರ್ಮ ಅಥವಾ ಇತಿಹಾಸದ ದೃಷ್ಟಿಯಿಂದ ಮಹತ್ವವುಳ್ಳ 100 ವರ್ಷ ಮೀರಿದ ವಸ್ತುಗಳೂ, ಮೌಲ್ಯವುಳ್ಳ 75 ವರ್ಷ ಮೀರಿದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಖಾಸಗಿಯವರು ಇವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಲೋಹದ ವಿಗ್ರಹ, ಚಿತ್ರಗಳಿರುವ ಹಸ್ತಪ್ರತಿ ಮುಂತಾದ ಕೆಲವು ಬಗೆಯವನ್ನು ಮಾಲೀಕರು ನೋಂದಣಿ ಮಾಡಿಸಬೇಕು. ಆದ್ದರಿಂದ ದೇವರ ಮನೆಯ ಹಳೆಯ ವಿಗ್ರಹವನ್ನೋ ತಾಡವೋಲೆಯ ಕಟ್ಟನ್ನೋ ಗುರುತು ಪರಿಚಯವಿಲ್ಲದವರು ಹೆಚ್ಚಿನ ದರ ಹೇಳಿ ಕೇಳಿದರೆ ಎಚ್ಚರಿಕೆ ಅಗತ್ಯ. ತಾಡವೋಲೆಯನ್ನು ಕಾಪಾಡುವುದು ಮನೆಯಲ್ಲಿ ಕಷ್ಟವೆನಿಸಿದರೆ ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳಿವೆ. ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಆ ಸಂಗ್ರಹದಲ್ಲಿ ನಮ್ಮಂಥ ಮನೆಗಳಲ್ಲಿ ಹುಟ್ಟಿದ ಓಲೆಗಳೇ ಇರುವುದು.

ಮನೆಬಳಕೆಯ ವಸ್ತುವಿಗೆ ಎಂಥ ಗೌರವ ಸಲ್ಲಬಹುದೆಂದು ನೋಡಬೇಕಾದರೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿಬನ್ನಿ. ಕುವೆಂಪು ಬಾಲ್ಯ ಕಳೆದ ಆ ಮನೆಯಲ್ಲಿ ಅಡುಗೆಮನೆಯ ಪಾತ್ರೆ ಪರಡಿ, ಬೇಸಾಯದ ಸಲಕರಣೆಗಳನ್ನೆಲ್ಲ ಒಪ್ಪವಾಗಿ ಇರಿಸಿದ್ದಾರೆ. ದೂರದ ಊರುಗಳಿಂದ ಬಂದವರು ಅವನ್ನು ಮುಗಿಬಿದ್ದು ನೋಡುತ್ತಾರೆ. ಅವುಗಳಲ್ಲಿ ಅನೇಕ ವಸ್ತುಗಳ ಒಡಹುಟ್ಟುಗಳು ನಮ್ಮ ಅಟ್ಟದಲ್ಲಿಯೇ ಇವೆ.

ಬಳಸುತ್ತ ಉಳಿಸುವುದು

ಹಳೆಯ ವಸ್ತುವನ್ನು ಗಾಜಿನ ಬೀರುವಿನಲ್ಲಿ ಇಡುವುದಕ್ಕಿಂತ ಬಳಕೆಯಲ್ಲಿ ಇಡುವುದು ಮೇಲು. ಚನ್ನೆಮಣೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ಅದು ಹದಿನಾಲ್ಕು ಗುಳಿಗಳ ಒಂದು ಹಲಗೆ ಅಷ್ಟೆ. ಜಗಲಿಯ ಮೂಲೆಯಲ್ಲಿ ಹಿಡಿ ಮಂಜೊಟ್ಟಿ ಕಾಯಿಯೊಂದಿಗೆ ಇಟ್ಟರೆ ಆಷಾಢದ ಮಳೆಯಲ್ಲಿ ಮೊಮ್ಮಕ್ಕಳು ಅದರ ಮುಂದೆ ಕೂರುತ್ತಾರೆ, ಆಟ ಹೇಳಿಕೊಡಲು ಅಜ್ಜಿಯೂ ಬಂದು ಕೂರುತ್ತಾರೆ. ಎಲೆ ಅಡಿಕೆಯ ಹರಿವಾಣವನ್ನೂ ಅಡಕತ್ತರಿಯನ್ನೂ ಬಂದವರ ಮುಂದಿಡಿ. ಅಡಿಕೆ ಬೆಳೆಯುವವನ ಜಗಲಿಗೆ ಅದಕ್ಕಿಂತ ಒಪ್ಪುವ ಒಡವೆ ಇನ್ನೊಂದಿಲ್ಲ.

ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು ಮತ್ತು ಬೂದಿ ಸಾಕು. ಆದರೆ ಪಾತ್ರೆಯ ಕಂಠದಲ್ಲಿ ಹೆಸರು, ಊರು, ಇಸವಿ ಕೊರೆದಿದ್ದರೆ ಆ ಜಾಗವನ್ನು ಬಲವಾಗಿ ಉಜ್ಜಬಾರದು, ಅಕ್ಷರ ಸವೆಯುತ್ತದೆ. ಅಡುಗೆಗೆ ಬಳಸುವುದಾದರೆ ಕಲಾಯಿ ಹಾಕಿಸದೆ ಹುಳಿ, ಮಜ್ಜಿಗೆ ಇಡಬಾರದೆಂಬ ಹಿಂದಿನವರ ಮಾತನ್ನು ಮರೆಯಬೇಡಿ. ಕಲ್ಲಿನ ಒರಳಿಗೆ ನೀರು ತುಂಬಿ ಹೂ ತೇಲಿಬಿಡುವುದು ಈಗ ಅನೇಕ ಮನೆಗಳಲ್ಲಿ ಕಾಣುತ್ತದೆ. ನೋಡಲು ಬಹಳ ಚೆನ್ನ. ಆದರೆ ಡೆಂಗೆ ಹರಡುವ ಸೊಳ್ಳೆ ಇಂಥ ನಿಂತ ನೀರಿನಲ್ಲಿಯೇ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ನೀರು ಚೆಲ್ಲಿ, ಒರಳಿನ ಒಳಮೈ ತಿಕ್ಕಿ ಹೊಸ ನೀರು ತುಂಬಬೇಕು.

ಮನೆ ರಿಪೇರಿಯಲ್ಲಿ ಇಳಿಸಿದ ಹಳೆಯ ಹಂಚುಗಳನ್ನು ರಾಶಿ ಹಾಕುವ ಮುನ್ನ ತಿರುಗಿಸಿ ನೋಡಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆ ಬಂದ ಕಾರ್ಖಾನೆಗಳೂ ತಮ್ಮ ಹೆಸರು ಗುರುತುಗಳನ್ನು ಹಂಚಿನ ಮೇಲೆ ಒತ್ತುತ್ತಿದ್ದವು. ಬೇರೆ ಬೇರೆ ಗುರುತಿನ ನಾಲ್ಕು ಹಂಚನ್ನು ತೊಳೆದು ಜಗಲಿಯ ಗೋಡೆಗೆ ಸಾಲಾಗಿ ಕೂರಿಸಿದರೆ, ಮನೆಯ ಮಾಡು ಯಾವ ಯಾವ ಕಾಲದಲ್ಲಿ ಏರಿತೆಂಬುದರ ದಾಖಲೆಯೇ ಆದಂತಾಯಿತು.

ಗೋಡೆಯ ಮಾತು

ಹಳೆಯ ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆಗಳಿಗೆ ಹೊಳೆಯುವ ಎಣ್ಣೆ ಬಣ್ಣ ಬಳಿಯುವ ರೂಢಿ ಹೆಚ್ಚುತ್ತಿದೆ. ನಮ್ಮ ಮಳೆಯಲ್ಲಿ ನೆಲದಿಂದ ಮೇಲೇರುವ ತೇವ ಗೋಡೆಯ ಮೈಯಿಂದಲೇ ಆರಬೇಕು. ಎಣ್ಣೆ ಬಣ್ಣ ಆ ದಾರಿಯನ್ನು ಮುಚ್ಚುವುದರಿಂದ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಉಬ್ಬಿ ಹಪ್ಪಳದಂತೆ ಏಳುತ್ತದೆ. ಸುಣ್ಣ ಹಾಗಲ್ಲ, ಅದು ತೇವವನ್ನು ಹೊರಬಿಡುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವ ಶ್ರಮ, ಹತ್ತು ವರ್ಷಕ್ಕೊಮ್ಮೆ ಗಾರೆ ಕೀಳಿಸುವ ಖರ್ಚಿಗಿಂತ ಅಗ್ಗ.

ಗೋಡೆಯನ್ನು ಸಿಂಗರಿಸುವ ವಿದ್ಯೆಯಂತೂ ನಮ್ಮ ನೆರೆಯಲ್ಲಿಯೇ ಇದೆ. ಸಾಗರ, ಸೊರಬ, ಸಿದ್ದಾಪುರ ಕಡೆಯ ದೀವರ ಹೆಣ್ಣುಮಕ್ಕಳು ಮದುವೆಯಲ್ಲಿ ಬರೆಯುವ ಹಸೆಗೋಡೆ ಚಿತ್ತಾರಕ್ಕೆ ಅಂಗಡಿಯ ಬಣ್ಣ ಬೇಕಿಲ್ಲ. ಕೆಮ್ಮಣ್ಣಿನ ಕೆಂಪು, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ ಇಷ್ಟೇ ಅದರ ಸಾಮಗ್ರಿ. ಪುಂಡಿನಾರಿನ ಕುಂಚದಿಂದ ಗೆರೆಯ ಪಕ್ಕಕ್ಕೆ ಗೆರೆ ಎಳೆದು ಬತ್ತದ ತೆನೆ, ಹಕ್ಕಿ, ಮದುಮಕ್ಕಳನ್ನು ಮೂಡಿಸುತ್ತಾರೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಈ ಕಲೆ ಬಲ್ಲವರು ನಿಮ್ಮ ಹೋಬಳಿಯಲ್ಲಿದ್ದರೆ ಅವರನ್ನು ಗೌರವದಿಂದ ಕರೆದು, ತಕ್ಕ ಸಂಭಾವನೆ ಕೊಟ್ಟು ಜಗಲಿಯ ಒಂದು ಗೋಡೆಯನ್ನು ಬರೆಸಿ. ಪೇಟೆಯ ಚಿತ್ರಪಟಕ್ಕೆ ಕೊಡುವ ಹಣ ಊರಿನ ಕೈಗೇ ಸೇರುತ್ತದೆ. ಬರೆಯುವಾಗ ನೋಡುತ್ತ ನಿಂತ ನಾಲ್ಕು ಹುಡುಗಿಯರಲ್ಲಿ ಒಬ್ಬಳಾದರೂ ಕಲಿಯುತ್ತಾಳೆ.

ತೋಟದಿಂದ ತರಬಹುದಾದದ್ದು

ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಆ ಹೂವಿನ ರೆಂಬೆಯನ್ನು ಕೊಯ್ದು ಹೂದಾನಿಯಲ್ಲಿಡಿ ಎಂದು ನಾವು ಬೆಳೆಗಾರರಿಗೆ ಹೇಳಲಾರೆವು, ಒಂದೊಂದು ಹೂವೂ ಒಂದೊಂದು ಹಣ್ಣು. ಆ ಮೂರು ನಾಲ್ಕು ದಿನ ತೋಟದ ಕಡೆಯ ಕಿಟಕಿಗಳನ್ನು ತೆರೆದಿಟ್ಟು, ಕುರ್ಚಿಯನ್ನು ಅತ್ತ ತಿರುಗಿಸಿ ಕುಳಿತರೆ ಸಾಕು. ಅಡಿಕೆಯ ಹೊಂಬಾಳೆಯ ಲೆಕ್ಕವೂ ಅಷ್ಟೆ, ಒಂದು ಹೊಂಬಾಳೆಯೆಂದರೆ ಒಂದು ಗೊನೆ. ದೇವರಿಗೆ, ಮದುವೆಗೆ, ನಾಗನಿಗೆ ಎಂದು ಹಿಂದಿನವರು ಅದನ್ನು ಮೀಸಲಿಟ್ಟದ್ದು ಇದೇ ಕಾರಣಕ್ಕಿರಬಹುದು. ಗಾಳಿಗೆ ಮರ ಬಿದ್ದಾಗ ಸಿಕ್ಕ ಹೊಂಬಾಳೆಯನ್ನು ಮಾತ್ರ ಧಾರಾಳವಾಗಿ ತಂದು ಹಿತ್ತಾಳೆ ಚೊಂಬಿನಲ್ಲಿ ಇಡಬಹುದು.

ಮರಗಸಿ ಮಾಡಿಸುವಾಗ ಕೊಂಬೆಯೊಂದಿಗೆ ಸೀತಾಳೆ ದಂಡೆಯಂಥ ಬಂದಳಿಕೆಯಲ್ಲದ ಮರಹೂಗಳು ನೆಲಕ್ಕೆ ಬೀಳುತ್ತವೆ. ಸೌದೆಯ ಜೊತೆ ಒಣಗಿಹೋಗುವ ಇವನ್ನು ಎತ್ತಿ ತಂದು, ಅಂಗಳದ ಮಾವಿನ ಅಥವಾ ಹಲಸಿನ ಮರದ ಒರಟು ತೊಗಟೆಗೆ ತೆಂಗಿನ ನಾರಿನಿಂದ ಕಟ್ಟಿ. ಮಣ್ಣು ಗೊಬ್ಬರ ಬೇಡ, ಚದುರಿದ ಬಿಸಿಲು ಸಾಕು. ಬೇರು ತೊಗಟೆಯನ್ನು ಹಿಡಿದ ಮೇಲೆ, ಮುಂಗಾರು ಬರುವ ಹೊತ್ತಿಗೆ ಗುಲಾಬಿ ಚುಕ್ಕಿಯ ಗೊಂಚಲು ಇಳಿಬೀಳುತ್ತದೆ. ಕಾಡಿಗೆ ಹೋಗಿ ಕಿತ್ತು ತರುವುದು ಮಾತ್ರ ಬೇಡ. ಅದು ಕಾಡಿನ ಸೊತ್ತು.

ಮರುನಾಟಿಗೆ ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆಯಿಂದ ಟೀಪಾಯಿಯ ಕಾಲು, ದೀಪದ ಕಂಬ ಮಾಡುವ ಬಡಗಿಗಳು ನಮ್ಮಲ್ಲಿದ್ದಾರೆ. ಬೊಡ್ಡೆಯ ತೊಗಟೆ ಸುಲಿದು, ಕೆಲವು ತಿಂಗಳು ನೆರಳಿನಲ್ಲಿಯೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತದೆ. ಮುಖ್ಯವಾದ ಎಚ್ಚರಿಕೆಯೆಂದರೆ, ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡವನ್ನು ಈ ಕೆಲಸಕ್ಕೆ ಬಳಸಕೂಡದು. ಒಳಗಿನ ಹುಳು ದುಂಬಿಯಾಗಿ ಹೊರಬಂದು ಮತ್ತೆ ತೋಟಕ್ಕೇ ಹೋಗುತ್ತದೆ. ಅಂಥ ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ಹಳೆಯ ರೊಬಸ್ಟಾ ಬೊಡ್ಡೆಯಾದರೆ ಈ ಭಯ ಕಡಿಮೆ.

ಇನ್ನು ಡೇರೆ ಹೂವಿನ ವಿಷಯ ಹೇಳದಿದ್ದರೆ ಮನೆಯ ಹೆಂಗಸರು ನಮ್ಮನ್ನು ಕ್ಷಮಿಸಲಾರರು. ಮೆಕ್ಸಿಕೊ ದೇಶದಿಂದ ಲೋಕಕ್ಕೆಲ್ಲ ಹರಡಿದ ಡೇಲಿಯಾ ನಮ್ಮ ಅಂಗಳಕ್ಕೆ ಬಂದು ಡೇರೆಯಾಯಿತು. ಇದರ ಗೆಡ್ಡೆ ಅಂಗಡಿಗಿಂತ ಹೆಚ್ಚಾಗಿ ಮನೆಯಿಂದ ಮನೆಗೆ ಬರುವಂಥದು. ಇದು ಅತ್ತಿಗೆಯ ಊರಿನ ಕೆಂಪು, ಇದು ಚಿಕ್ಕಮ್ಮ ಕೊಟ್ಟ ಎರಡು ಬಣ್ಣದ್ದು ಎಂದು ಸಾಲಿನ ಒಂದೊಂದು ಗಿಡಕ್ಕೂ ಒಬ್ಬೊಬ್ಬರ ನೆನಪಿದೆ. ಮಳೆಗಾಲ ಕಳೆದು ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಕಾಂಡದ ಬುಡ ಸಹಿತ ಅಗೆದು, ಒಣ ಮರಳಿನಲ್ಲಿ ನೆರಳಿಗಿಡಿ. ಮೊಳಕೆಯ ಕಣ್ಣು ಆ ಬುಡದಲ್ಲಿರುತ್ತದೆ, ಬರಿಯ ಗೆಡ್ಡೆ ಚಿಗುರುವುದಿಲ್ಲ. ಕೊಟ್ಟವರ ಹೆಸರು ಬರೆದ ಒಂದು ಚೀಟಿಯನ್ನೂ ಜೊತೆಗೆ ಕಟ್ಟಿಡಿ.

ಪಟಗಳ ಹಿಂದೆ ಹೆಸರು ಬರೆಯಿರಿ

ನಮ್ಮ ಜಗಲಿಗಳಲ್ಲಿ ಸಾಲಾಗಿ ತೂಗುವ ಪಟಗಳಲ್ಲಿ ಎರಡು ಬಗೆ. ಒಂದು ದೇವರ ಪಟ. ಅದರಲ್ಲಿ ಹಳೆಯವು 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದವೂ ಆಗಿರಬಹುದು, ಅಂಚಿನ ಸಣ್ಣ ಅಕ್ಷರ ನೋಡಿದರೆ ತಿಳಿಯುತ್ತದೆ. ಇನ್ನೊಂದು ಮನೆಯವರ ಪಟ. ಕೋಟು ಪೇಟದ ಅಜ್ಜ, ಕುರ್ಚಿಯ ಮೇಲೆ ಬಿಗಿದು ಕುಳಿತ ಅಜ್ಜಿ, ನೆಲದ ಮೇಲೆ ಮಕ್ಕಳ ಸಾಲು. ಇವರಲ್ಲಿ ಎಡದಿಂದ ಮೂರನೆಯವರು ಯಾರೆಂದು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರ ಬಲ್ಲವರು ಒಬ್ಬರೇ ಉಳಿದಿದ್ದಾರೆ. ಅವರಿಗೂ ಎಂಬತ್ತು ದಾಟಿದೆ.

ಗಾಳಿಮಳೆ ಹೊಡೆಯುವ ಗೋಡೆಗೆ ಪಟ ಹಾಕಬೇಡಿ. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಸಣ್ಣ ಮರದ ಚೂರು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡಿ ಬೂಷ್ಟು ತಗ್ಗುತ್ತದೆ. ಚಿತ್ರದ ಹಿಂಬದಿಯಲ್ಲಿ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಎಲ್ಲರ ಹೆಸರು, ಊರು, ಸಂಬಂಧ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂಬದಿಗೆ ಗೆರೆ ಏಳುತ್ತದೆ. ಹಿರಿಯರು ಹೆಸರು ಹೇಳುತ್ತಿರುವಾಗ ಮೊಬೈಲಿನಲ್ಲಿ ಅವರ ದನಿಯನ್ನೂ ಹಿಡಿದಿಡಿ.

ಕಾಗದ ಪತ್ರಗಳೂ ಅಲಂಕಾರವಾಗಬಲ್ಲವು. 1940ರ ದಶಕದಿಂದ 1990ರ ದಶಕದ ನಡುವಿನವರೆಗೆ ಕಾಫಿ ಬೋರ್ಡಿನ ಪೂಲ್‌ಗೆ ಫಸಲು ಕೊಟ್ಟ ರಶೀದಿಗಳೂ, ಅಜ್ಜನ ಕೈಬರಹದ ಅಡಿಕೆ ಲೆಕ್ಕದ ಹಾಳೆಯೂ ಕಬ್ಬಿಣದ ಪೆಟ್ಟಿಗೆಯಲ್ಲಿ ಹುಳು ಹಿಡಿಯುತ್ತಿರಬಹುದು. ಒಂದೆರಡನ್ನು ಗಾಜು ಹಾಕಿಸಿ ಜಗಲಿಯಲ್ಲಿಡಿ. ಈ ತೋಟ ಯಾರ ಬೆವರಿನಿಂದ ಆಯಿತೆಂದು ಮೊಮ್ಮಕ್ಕಳು ಕೇಳುವ ಮೊದಲೇ ಗೋಡೆ ಹೇಳುತ್ತದೆ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಮನೆಯ ಅತ್ಯಂತ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಅಟ್ಟದ ಸಾಮಾನನ್ನು ಒಂದೊಂದಾಗಿ ಅವರ ಮುಂದೆ ಇಳಿಸಿ. ಯಾವುದು ಎಲ್ಲಿಂದ ಬಂತು, ಯಾರದು, ಯಾತಕ್ಕೆ ಬಳಸುತ್ತಿದ್ದರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೊಡಬೇಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿ. ಹಳೆಯ ಭಾವಚಿತ್ರ, ರಶೀದಿಗಳ ಪ್ರತಿ ಮಾಡಿಸಿಕೊಳ್ಳಬಯಸುವವರು ಸಂತೆಯ ದಿನ ಅವನ್ನು ಸಂಘದ ಕಚೇರಿಗೆ ತಂದರೆ ನಾವು ಪ್ರತಿ ತೆಗೆದು ಅಂದೇ ಮೂಲವನ್ನು ಹಿಂದಿರುಗಿಸುತ್ತೇವೆ. ಇದಕ್ಕೆ ಶುಲ್ಕವಿಲ್ಲ.