ಅಮ್ಮನ ಮೊಣಕಾಲು ಮತ್ತು ನಾಲ್ಕು ತಲೆಯ ಸ್ನಾಯು

ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಸ್ನಾಯುಗಳ ಲ್ಯಾಟಿನ್ ಹೆಸರುಗಳನ್ನು ಮಂತ್ರದಂತೆ ಕಂಠಪಾಠ ಮಾಡಿದವನು ನಾನು. ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ, ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಒಪ್ಪಿಸಿದರೆ ಪಾಠ ಮುಗಿಯುತ್ತಿತ್ತು. ಎಂ.ಡಿ. ಪದವಿ ಪಡೆದು ಜಪಾನಿಗೆ ಬಂದ ಮೇಲೆ ಅವೇ ಸ್ನಾಯುಗಳನ್ನು ಮತ್ತೊಮ್ಮೆ ಕಲಿಯಬೇಕಾಯಿತು. ವಿದೇಶದಲ್ಲಿ ಓದಿದ ವೈದ್ಯರು ಇಲ್ಲಿಯ ಆರೋಗ್ಯ ಸಚಿವಾಲಯದ ಮನ್ನಣೆ ಪಡೆದು, ರಾಷ್ಟ್ರೀಯ ವೈದ್ಯಪರೀಕ್ಷೆಯನ್ನು ಜಪಾನಿ ಭಾಷೆಯಲ್ಲಿಯೇ ಬರೆಯಬೇಕು.

ಮೊದಮೊದಲು ಇದು ಶಿಕ್ಷೆಯೆನಿಸಿತು. ಆದರೆ ಜಪಾನಿ ಹೆಸರುಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತಿದ್ದವು. ಬೈಸೆಪ್ಸ್ ಇಲ್ಲಿ ‘ಮೇಲ್ತೋಳಿನ ಎರಡು ತಲೆಯ ಸ್ನಾಯು’. ಬೆನ್ನಿನ ಮೇಲ್ಭಾಗದ ಟ್ರಪೀಜಿಯಸ್ ‘ಸನ್ಯಾಸಿಯ ಟೋಪಿ’. ಕಾಲಿನ ಹಿಂಬದಿಯ ಸೋಲಿಯಸ್‌ಗೆ ‘ಹಿರಮೆ’ ಎಂಬ ಚಪ್ಪಟೆ ಮೀನಿನ ಹೆಸರು. ಅದೇ ಭಾಗವನ್ನು ನಮ್ಮ ಹಿರಿಯರು ‘ಮೀನಖಂಡ’ ಎಂದು ಕರೆದಿದ್ದಾರಲ್ಲವೆ!

ವೈದ್ಯಕೀಯವನ್ನು ತಮ್ಮ ಮಾತಿಗೆ ತರುವ ಈ ಹಂಬಲ ಇಲ್ಲಿ ಹಳೆಯದು. 1771ರಲ್ಲಿ ಸುಗಿತ ಗೆಂಪಾಕು, ಮಾಎನೊ ರ್ಯೋತಾಕು ಮೊದಲಾದ ವೈದ್ಯರು ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ವಧಾಸ್ಥಾನದಲ್ಲಿ ಶವಚ್ಛೇದನವನ್ನು ಕಂಡರು. ಕೈಯಲ್ಲಿದ್ದ ಡಚ್ ಗ್ರಂಥದ ಚಿತ್ರಗಳು ಕಣ್ಣೆದುರಿನ ದೇಹದೊಡನೆ ಹೊಂದಿದ್ದನ್ನು ನೋಡಿ ಬೆರಗಾಗಿ, ಅದನ್ನು ಅನುವಾದಿಸಲು ಕುಳಿತರು. ಸರಿಯಾದ ನಿಘಂಟೂ ಇರಲಿಲ್ಲ. 1774ರಲ್ಲಿ ‘ಕೈತೈ ಶಿನ್ಶೊ’ ಪ್ರಕಟವಾಯಿತು. ನರಕ್ಕೆ ಅವರು ಕಟ್ಟಿದ ‘ಶಿಂಕೇ’ ಎಂಬ ಪದವನ್ನು ನನ್ನ ರೋಗಿಗಳು ಇಂದಿಗೂ ಆಡುತ್ತಾರೆ.

ಈ ಪಾಠ ನನ್ನ ಮನೆಗೇ ಬೇಕಾಯಿತು. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಮಂಡಿನೋವು. “ಸವೆದ ಕೀಲು ಮಾರಾಯ, ಆಡಿಸಿದರೆ ಇನ್ನೂ ಸವೆಯುತ್ತೆ” ಎಂದು ಕುಳಿತಲ್ಲೇ ಇರುತ್ತಿದ್ದರು. ‘ಕ್ವಾಡ್ರಿಸೆಪ್ಸ್ ವ್ಯಾಯಾಮ ಮಾಡಮ್ಮ’ ಎಂದು ತಿಂಗಳುಗಟ್ಟಲೆ ಫೋನಿನಲ್ಲಿ ಹೇಳಿದ್ದು ವ್ಯರ್ಥವಾಯಿತು. ಒಂದು ದಿನ ಜಪಾನಿ ಹೆಸರನ್ನೇ ಕನ್ನಡಿಸಿದೆ: “ತೊಡೆಯ ಮುಂದೆ ನಾಲ್ಕು ತಲೆಯ ಸ್ನಾಯು ಇದೆ. ಒಂದು ತಲೆ ಸೊಂಟದ ಮೂಳೆಯಿಂದ, ಮೂರು ತೊಡೆಮೂಳೆಯಿಂದ ಹೊರಡುತ್ತವೆ. ನಾಲ್ಕೂ ಒಂದಾಗಿ, ಮಂಡಿಚಿಪ್ಪನ್ನು ಹಿಡಿದು, ಮೊಣಕಾಲಿನ ಕೆಳಗಿನ ಮೂಳೆಗೆ ಸೇರುತ್ತವೆ. ಮಡಿಚಿದ ಕಾಲನ್ನು ನೇರ ಮಾಡುವುದೇ ಅದರ ಕೆಲಸ. ಅದು ಸೊರಗಿದರೆ ಕೀಲಿನ ಮೇಲೆ ಭಾರ ಹೆಚ್ಚು.”

“ಬ್ರಹ್ಮನ ಹಾಗೆ ಅನ್ನು! ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನೋ?” ಎಂದರು ಅಮ್ಮ.

ಈಗ ಕುರ್ಚಿಯಲ್ಲಿ ಕುಳಿತು, ಕಾಲನ್ನು ನೀಡಿ, ಐದು ಎಣಿಸಿ ಇಳಿಸುತ್ತಾರೆ. ನೋವು ಪೂರ್ಣ ಹೋಗಿಲ್ಲ. ಆದರೆ ಏಳಲು ಯಾರ ಕೈಯನ್ನೂ ಕೇಳುವುದಿಲ್ಲ.

ಇಲ್ಲಿಗೆ ಬರಬಯಸುವ ಯುವವೈದ್ಯರಿಗೆ ನನ್ನ ಕಿವಿಮಾತು ಇಷ್ಟೆ: ಜಪಾನಿ ಭಾಷೆಯನ್ನು ಶ್ರದ್ಧೆಯಿಂದ ಕಲಿಯಿರಿ. ಹಾಗೆಯೇ, ಕಲಿತದ್ದನ್ನು ಊರಿನಲ್ಲಿರುವ ಅಮ್ಮನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಲು ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿಕೊಳ್ಳಿರಿ. ಆ ಪರೀಕ್ಷೆಯಲ್ಲಿ ನಾನು ಬಹುಕಾಲ ಅನುತ್ತೀರ್ಣನಾಗಿದ್ದೆ.