ಅಕ್ಷರ ಆರು, ಪದ ಎಷ್ಟು?

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ಸಂಜೆಯಾದರೆ ಒಂದು ಗಲಾಟೆ ಸಾಮಾನ್ಯ. ನಾಳೆ ಡಿಕ್ಟೇಶನ್ ಇದೆ, ಇಪ್ಪತ್ತು ಪದಗಳ ಸ್ಪೆಲ್ಲಿಂಗ್ ಬಾಯಿಪಾಠವಾಗಬೇಕು. ಮಗು ಹತ್ತು ಸಲ ಹೇಳುತ್ತದೆ, ಬೆಳಗಾಗುವಷ್ಟರಲ್ಲಿ ಮರೆತುಬಿಡುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ತಾಯಿಯಾದರೆ, "ನನಗೇ ಸರಿಯಾಗಿ ಬರುವುದಿಲ್ಲ, ಮಗುವಿಗೇನು ಹೇಳಿಕೊಡಲಿ?" ಎಂದು ಹಿಂಜರಿಯುತ್ತಾಳೆ. ಕೊನೆಗೆ ಟ್ಯೂಷನ್ನೇ ಗತಿಯಾಗುತ್ತದೆ.

ಕನ್ನಡದಲ್ಲಿ ಬಹುಮಟ್ಟಿಗೆ ಉಚ್ಚರಿಸಿದಂತೆ ಬರೆದರಾಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. 'ಲಿಸನ್' ಎನ್ನುವಾಗ ಕಿವಿಗೆ ಕೇಳಿಸದ ಟಿ ಅಕ್ಷರ ಬರೆಯುವಾಗ ಇರಲೇಬೇಕು. ಹಾಗಾಗಿ ಇಂಗ್ಲಿಷ್ ಪದವು ಕಿವಿಗೆ ಮಾತ್ರವಲ್ಲ, ಕಣ್ಣಿಗೂ ಕೈಗೂ ಪರಿಚಯವಾಗಬೇಕು. ಕೆಲವು ಅಕ್ಷರಗಳನ್ನು ಕೊಟ್ಟು ಅವುಗಳಿಂದಾಗುವ ಪದಗಳನ್ನು ಹುಡುಕಿಸುವ ಆಟ ಈ ಕೆಲಸವನ್ನು ಸುಲಭವಾಗಿ ಮಾಡುತ್ತದೆ. ಇದಕ್ಕೆ ತಾಯಿ ಇಂಗ್ಲಿಷ್ ಪಂಡಿತೆಯಾಗಿರಬೇಕಾಗಿಲ್ಲ.

ಆಡುವುದು ಹೇಗೆ?

ಹಳೆಯ ಮದುವೆ ಕಾಗದಗಳನ್ನು ಚೌಕಾಕಾರವಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆಯಿರಿ. ಎಸ್, ಟಿ, ಒ, ಪಿ ಈ ನಾಲ್ಕನ್ನು ಮಗುವಿನ ಮುಂದಿಡಿ. ಸ್ಟಾಪ್, ಪೋಸ್ಟ್, ಸ್ಪಾಟ್, ಟಾಪ್ಸ್, ಪಾಟ್ಸ್ ಮುಂತಾದ ಪದಗಳು ಸಿಗುತ್ತವೆ. ಆದರೆ ನಾಲ್ಕು ಬೇರೆ ಬೇರೆ ಅಕ್ಷರಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಐದಾದರೆ 120, ಆರಾದರೆ 720. ಆದ್ದರಿಂದ ಸುಮ್ಮನೆ ಕಲಸುತ್ತಾ ಕೂತರೆ ಪ್ರಯೋಜನವಿಲ್ಲ, ಕ್ರಮ ಬೇಕು.

* ಎ, ಇ, ಐ, ಒ, ಯು ಎಂಬ ಸ್ವರಗಳನ್ನು ಬೇರೆಯಾಗಿಡಿ. ಇವುಗಳಲ್ಲಿ ಒಂದಾದರೂ, ಇಲ್ಲವೆಂದರೆ ವೈ ಆದರೂ ಇಲ್ಲದ ಇಂಗ್ಲಿಷ್ ಪದ ಬಹಳ ಅಪರೂಪ.
* ಒಟ್ಟಿಗೆ ಓಡಾಡುವ ಜೋಡಿಗಳನ್ನು ನೋಡಿ: ಸಿ-ಎಚ್, ಎಸ್-ಎಚ್, ಟಿ-ಎಚ್, ಸಿ-ಕೆ.
* ಪದದ ಬಾಲವನ್ನು ಹುಡುಕಿ: ಐ-ಎನ್-ಜಿ, ಇ-ಡಿ, ಇ-ಆರ್. ಬಾಲ ಸಿಕ್ಕಿದರೆ ಉಳಿದ ಅಕ್ಷರಗಳು ಕಡಿಮೆಯಾಗಿ ಕೆಲಸ ಹಗುರವಾಗುತ್ತದೆ.
* ಸಣ್ಣ ಪದದಿಂದ ದೊಡ್ಡದಕ್ಕೆ ಹೋಗಿ. ಇ-ಎ-ಟಿ ಎಂದರೆ 'ಈಟ್'. ಮುಂದೆ ಎಂ ಇಟ್ಟರೆ ಮೀಟ್, ಎಚ್ ಇಟ್ಟರೆ ಹೀಟ್, ಅದರ ಮುಂದೆ ಡಬ್ಲ್ಯು ಇಟ್ಟರೆ ವ್ಹೀಟ್. ತಿನ್ನುವುದು, ಮಾಂಸ, ಬಿಸಿ, ಗೋಧಿ. ನಾಲ್ಕೂ ಅಡುಗೆಮನೆಯವೇ!

ಇನ್ನು 'ಲಿಸನ್' ಪದದ ಆರು ಅಕ್ಷರಗಳನ್ನು ಬಿಡಿಸಿಡಿ. ಅವೇ ಅಕ್ಷರಗಳಿಂದ 'ಸೈಲೆಂಟ್' ಆಗುತ್ತದೆ. ಆಲಿಸು ಮತ್ತು ಮೌನ! ಹೀಗೆ ತಾನೇ ಕಂಡುಹಿಡಿದ ಮಗು ಆ ಟಿ ಅಕ್ಷರವನ್ನು ಮತ್ತೆ ಸುಲಭವಾಗಿ ಬಿಟ್ಟುಬಿಡದು.

ಬಸ್ರಾದ ವಿದ್ವಾಂಸ

ಅಕ್ಷರಗಳನ್ನು ಅದಲು ಬದಲು ಮಾಡಿ ಪದ ಹುಡುಕುವುದು ಇಂದು ನಿನ್ನೆಯ ವಿದ್ಯೆಯಲ್ಲ. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಬಿನ್ ಅಹ್ಮದ್ ಎಂಬ ಭಾಷಾ ವಿದ್ವಾಂಸರು ಅರಬಿ ಭಾಷೆಯ ಎಲ್ಲ ಪದಗಳನ್ನು ಒಂದೂ ಬಿಡದೆ ಸಂಗ್ರಹಿಸುವುದು ಹೇಗೆಂದು ಯೋಚಿಸಿದರು. ಅರಬಿಯ ಹೆಚ್ಚಿನ ಪದಗಳಿಗೆ ಮೂರು ಮೂಲಾಕ್ಷರಗಳಿರುತ್ತವೆ. ಮೂರು ಅಕ್ಷರಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು. ಆ ಆರರಲ್ಲಿ ಬಳಕೆಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ನೋಡುತ್ತಾ ಹೋದರೆ ಯಾವ ಪದವೂ ತಪ್ಪಿಹೋಗದು. ಅರಬಿಯ ಮೊದಲ ನಿಘಂಟೆನಿಸಿದ 'ಕಿತಾಬುಲ್ ಐನ್' ಈ ಕ್ರಮದಲ್ಲೇ ರೂಪುಗೊಂಡಿತು.

ಕಾಫ್, ಲಾಮ್, ಬಾ ಎಂಬ ಮೂರನ್ನು ತೆಗೆದುಕೊಳ್ಳಿ. ಕಲ್ಬ್ ಎಂದರೆ ಹೃದಯ, ಕಬ್ಲ್ ಎಂದರೆ ಮೊದಲು, ಲಕಬ್ ಎಂದರೆ ಬಿರುದು, ಲಬಿಕ್ ಎಂದರೆ ಚತುರ, ಬಕ್ಲ್ ಎಂದರೆ ಸೊಪ್ಪು ತರಕಾರಿ, ಅಬ್ಲಕ್ ಎಂದರೆ ಕಪ್ಪು ಬಿಳುಪು ಬಣ್ಣದ್ದು. ಆರಕ್ಕೆ ಆರೂ ಬಳಕೆಯ ಪದಗಳೇ. ಮದ್ರಸಕ್ಕೆ ಹೋಗುವ ಮಕ್ಕಳಿಗೆ ಈ ಆಟವನ್ನು ಎರಡೂ ಭಾಷೆಗಳಲ್ಲಿ ಆಡಿಸಬಹುದು.

ಅಕ್ಷರಗಳ ಲೆಕ್ಕ

ಒಂದು ಬರಹದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಗುಪ್ತಲಿಪಿಯನ್ನು ಒಡೆಯುವ ವಿಧಾನವನ್ನು ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ಅಲ್ ಕಿಂದಿ ವಿವರಿಸಿದ್ದರು. ಅದರ ಬಗ್ಗೆ ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಅವರದೇ. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ, ಕೆಲಸ ಕಳೆದುಕೊಂಡಿದ್ದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಬೇರೊಂದು ಉದ್ದೇಶಕ್ಕಾಗಿ ಪತ್ರಿಕೆಗಳ ಅಕ್ಷರಗಳನ್ನು ಎಣಿಸಿದರು. 1948ರಲ್ಲಿ 'ಸ್ಕ್ರ್ಯಾಬಲ್' ಎಂಬ ಹೆಸರು ಪಡೆದ ಆಟ ಅದರ ಫಲ. ಅದರ 100 ಬಿಲ್ಲೆಗಳಲ್ಲಿ ಇ 12 ಇವೆ, ಕ್ಯೂ ಒಂದೇ ಒಂದು. ಅಪರೂಪವಾದ್ದರಿಂದ ಕ್ಯೂಗೆ 10 ಅಂಕ.

ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಅದರ ಬೆನ್ನಿಗೆ ಯು ಬರುವುದು ವಾಡಿಕೆ. ಯು ಕೈಯಲ್ಲಿಲ್ಲದಿದ್ದರೆ ಆಟಗಾರರು ಕಂಗಾಲಾಗುತ್ತಾರೆ. ಆಗ ನೆರವಿಗೆ ಬರುವ ಪದಗಳು ಯಾವುವು ಗೊತ್ತೇ? ಕಾಝಿ, ಫಕೀರ್, ನಿಕಾಬ್, ಕಿಬ್ಲಾ, ತಲಾಕ್! ಇವೆಲ್ಲ ಅರಬಿಯಿಂದ ಹೋಗಿ ಇಂಗ್ಲಿಷ್ ನಿಘಂಟು ಸೇರಿದವು. ಇಂಗ್ಲಿಷ್ ಬಾರದೆಂದು ಅಳುಕುವ ತಾಯಿಗೂ ಅಜ್ಜಿಗೂ ಇವು ದಿನನಿತ್ಯದ ಮಾತುಗಳು.

ಅರ್ಥವನ್ನು ಮರೆಯದಿರಿ

ನ್ಯೂಝಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಪದಪಟ್ಟಿಯನ್ನು ನೆನಪಿಟ್ಟುಕೊಂಡೇ ಗೆದ್ದರು. ಸ್ಪರ್ಧೆಗೆ ಅಷ್ಟು ಸಾಕು, ನಮ್ಮ ಮಕ್ಕಳಿಗೆ ಸಾಲದು. ಸಿಕ್ಕಿದ ಪ್ರತಿ ಪದದ ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿ, ಒಂದು ವಾಕ್ಯ ಮಾಡಿಸಿ. ಅಕ್ಷರ ಕೊಟ್ಟರೆ ಕ್ಷಣದಲ್ಲಿ ಪದಗಳ ಪಟ್ಟಿ ಕೊಡುವ ಸೌಲಭ್ಯ ಈಗ ಮೊಬೈಲಿನಲ್ಲಿದೆ. ಅದನ್ನು ಆಟ ಮುಗಿದ ನಂತರ, ಬಿಟ್ಟುಹೋದದ್ದು ಯಾವುದೆಂದು ನೋಡಲು ಮಾತ್ರ ಬಳಸಿ. ಮೊದಲೇ ತೆರೆದರೆ ಹುಡುಕಿದ್ದು ಮೊಬೈಲ್ ಆಗುತ್ತದೆ, ಮಗುವಲ್ಲ.

ಬಳಿಯಲ್ಲೊಂದು ನಿಘಂಟು ಇಟ್ಟುಕೊಳ್ಳಿ. ಅನುಮಾನ ಬಂದಾಗ "ನನಗೂ ಗೊತ್ತಿಲ್ಲ, ಬಾ ಇಬ್ಬರೂ ನೋಡೋಣ" ಎನ್ನಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಗೊತ್ತಿಲ್ಲದ್ದನ್ನು ಹುಡುಕಿ ತಿಳಿಯಬಹುದೆಂಬ ಧೈರ್ಯವನ್ನು ಮಗು ತಾಯಿಯಿಂದಲೇ ಕಲಿಯಲಿ.